ಅಳತೆಯ ವಿವೇಕ: ರೊಸಾಲಿನ್ ಯಾಲೋ ಅವರ ಸಂಶೋಧನ ಜೀವನ

ವಿದ್ಯಾಸಂಸ್ಥೆಯೊಂದರಲ್ಲಿ ನಡೆಯುವ ಕಾರ್ಯಗಳಲ್ಲಿ ಬೋಧನೆಯಷ್ಟೇ ಕಠಿನವಾದುದು ಅಳೆಯುವ ಕಾರ್ಯ. ಬಾಲಕನ ಗ್ರಹಣಶಕ್ತಿ ಎಷ್ಟು, ಬಾಲಕಿಯ ಬುದ್ಧಿಗೆ ಯಾವ ಶಾಸ್ತ್ರ ಒಗ್ಗೀತು ಎಂಬುದನ್ನು ಉಪಾಧ್ಯಾಯರು ವರ್ಷವರ್ಷವೂ ನಿರ್ಣಯಿಸುತ್ತಾರೆ; ಆ ನಿರ್ಣಯ ಅಂಕಪಟ್ಟಿಯನ್ನು ಸೇರುತ್ತದೆ; ಅದನ್ನು ನಂಬಿ ತಂದೆತಾಯಿಗಳು ಮಕ್ಕಳ ಮುಂದಿನ ದಾರಿಯನ್ನು ಗೊತ್ತುಮಾಡುತ್ತಾರೆ. ಅಳೆಯುವ ಕೋಲೇ ಡೊಂಕಾಗಿದ್ದರೆ ಆಗುವ ಹಾನಿ ಒಂದು ತಲೆಮಾರಿಗೆ ಮುಗಿಯತಕ್ಕದ್ದಲ್ಲ. ಈ ಮಾತಿಗೆ ಇಪ್ಪತ್ತನೆಯ ಶತಮಾನದ ವೈದ್ಯವಿಜ್ಞಾನದಲ್ಲಿ ದೊರೆಯುವ ಉಜ್ಜ್ವಲ ನಿದರ್ಶನ ಅಮೆರಿಕದ ವಿಜ್ಞಾನಿ ರೊಸಾಲಿನ್ ಯಾಲೋ ಅವರ ಜೀವನ. ಲೋಕದ ಡೊಂಕು ಅಳತೆಗೋಲುಗಳಿಗೆ ಮತ್ತೆ ಮತ್ತೆ ಗುರಿಯಾದ ಈ ಮಹಿಳೆಯೇ, ಮಧುಮೇಹದ ಮರ್ಮವನ್ನು ಅರಸಹೊರಟು, ವೈದ್ಯಶಾಸ್ತ್ರದಲ್ಲಿ ಅದುವರೆಗೆ ಇಲ್ಲದಿದ್ದ ಅತಿಸೂಕ್ಷ್ಮವಾದ ಅಳತೆಯೊಂದನ್ನು ಲೋಕಕ್ಕೆ ಕೊಟ್ಟರು.

ಮಧುಮೇಹ ಭರತಖಂಡಕ್ಕೆ ಹೊಸ ಹೆಸರಲ್ಲ. ಪ್ರಮೇಹವು ಇಪ್ಪತ್ತು ಬಗೆಯೆಂದು ಪ್ರಾಚೀನ ವೈದ್ಯಾಚಾರ್ಯರು ವಿಂಗಡಿಸಿದರು. ರೋಗಿಯ ಮೂತ್ರಕ್ಕೆ ಇರುವೆಗಳು ಮುತ್ತುವುದನ್ನು ಗಮನಿಸಿದರು. ಪ್ರಮೇಹಿಗಳಲ್ಲಿ ಸ್ಥೂಲರು, ಕೃಶರು ಎಂಬ ಭೇದವನ್ನು ಚರಕಸಂಹಿತೆ ಹೇಳಿದರೆ, ಹುಟ್ಟಿನಿಂದ ಬಂದದ್ದು, ಅಪಥ್ಯದಿಂದ ಬಂದದ್ದು ಎಂಬ ಭೇದವನ್ನು ಸುಶ್ರುತಸಂಹಿತೆ ಹೇಳಿತು. ಆ ಮಹನೀಯರ ಕಣ್ಣು ಕಂಡದ್ದು ಸತ್ಯ. ಆದರೆ ಕಣ್ಣಿಗೆ ಕಾಣುವ ಭೇದದ ಹಿಂದೆ, ರಕ್ತದೊಳಗೆ ಏನು ನಡೆದಿದೆ ಎಂಬುದನ್ನು ಅರಿಯುವ ಸಾಧನ ಆಗ ಯಾವ ದೇಶದಲ್ಲಿಯೂ ಇರಲಿಲ್ಲ. ಕೆನಡದ ಟೊರಾಂಟೊ ನಗರದಲ್ಲಿ 1921ರಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಅವರು ಮೇದೋಜೀರಕ ಗ್ರಂಥಿಯ ಸಾರವನ್ನು ಬೇರ್ಪಡಿಸಿ, ಮರುವರ್ಷದ ಜನವರಿಯಲ್ಲಿ ಸಾವಿನ ದವಡೆಯಲ್ಲಿದ್ದ ಹದಿನಾಲ್ಕು ವರ್ಷದ ಬಾಲಕನೊಬ್ಬನಿಗೆ ಅದನ್ನು ಚುಚ್ಚಿದ ಮೇಲೆ ಇನ್ಸುಲಿನ್ ಔಷಧವಾಯಿತು. ಲಕ್ಷಾಂತರ ಜೀವಗಳು ಉಳಿದುವು. ಹಾಗಿದ್ದರೂ ಮನುಷ್ಯನ ರಕ್ತದಲ್ಲಿ ಸಹಜವಾಗಿ ಇನ್ಸುಲಿನ್ ಎಷ್ಟಿದೆ ಎಂಬುದನ್ನು ನೇರವಾಗಿ, ನಿಖರವಾಗಿ ಅಳೆಯಲು ಮುಂದೆ ಮೂರೂವರೆ ದಶಕಗಳವರೆಗೆ ಸಾಧ್ಯವಾಗಲಿಲ್ಲ. ಔಷಧ ಕೈಯಲ್ಲಿತ್ತು, ಅಳತೆ ಇರಲಿಲ್ಲ. ಆ ಅಳತೆಯನ್ನು ಕೊಡಬೇಕಾಗಿದ್ದ ಮಗು ಹುಟ್ಟಿದುದೂ ಅದೇ 1921ರಲ್ಲಿಯೇ, ಜುಲೈ 19ರಂದು, ನ್ಯೂಯಾರ್ಕ್ ನಗರದಲ್ಲಿ.

ರೊಸಾಲಿನ್ ಅವರ ತಂದೆತಾಯಿಗಳು ಪ್ರೌಢಶಾಲೆಯ ಮೆಟ್ಟಿಲನ್ನೂ ದಾಟಿದವರಲ್ಲ. ಮನೆಯಲ್ಲಿ ಪುಸ್ತಕಗಳಿರಲಿಲ್ಲ, ವಾರಕ್ಕೊಮ್ಮೆ ಅಣ್ಣನ ಜೊತೆಯಲ್ಲಿ ಸಾರ್ವಜನಿಕ ಗ್ರಂಥಾಲಯಕ್ಕೆ ಹೋಗಿ, ಓದಿದ ಪುಸ್ತಕಗಳನ್ನು ಹಿಂದಿರುಗಿಸಿ ಹೊಸವನ್ನು ತರುವುದು ಅವರ ಬಾಲ್ಯದ ವಾಡಿಕೆಯಾಗಿತ್ತು. ಪ್ರೌಢಶಾಲೆಯಲ್ಲಿ ರಸಾಯನಶಾಸ್ತ್ರದ ಉಪಾಧ್ಯಾಯರೊಬ್ಬರು ಆ ಶಾಸ್ತ್ರದಲ್ಲಿ ಅವರ ಆಸಕ್ತಿಯನ್ನು ಹೊತ್ತಿಸಿದರು. ಮುಂದೆ ನಗರಾಡಳಿತವು ಹೆಣ್ಣುಮಕ್ಕಳಿಗಾಗಿ ಬೋಧನ ಶುಲ್ಕವಿಲ್ಲದೆ ನಡೆಸುತ್ತಿದ್ದ ಹಂಟರ್ ಕಾಲೇಜಿನಲ್ಲಿ ಅವರ ಒಲವು ಭೌತಶಾಸ್ತ್ರದ ಕಡೆಗೆ ತಿರುಗಿತು. ಮೇರಿ ಕ್ಯೂರಿ ಅವರನ್ನು ಕುರಿತು ಮಗಳು ಈವ್ ಕ್ಯೂರಿ ಬರೆದ ಜೀವನಚರಿತ್ರೆ ಆಗತಾನೆ ಹೊರಬಂದಿತ್ತು; ಯಾಲೋ ಅವರ ತಲೆಮಾರಿನ ವಿಜ್ಞಾನಾಸಕ್ತ ಯುವತಿಯರಿಗೆ ಅದು ದಾರಿದೀಪವಾಯಿತು. 1939ರ ಜನವರಿಯಲ್ಲಿ ಎನ್ರಿಕೊ ಫೆರ್ಮಿ ಅವರು ಕೊಲಂಬಿಯ ವಿಶ್ವವಿದ್ಯಾನಿಲಯದಲ್ಲಿ ಪರಮಾಣು ವಿದಳನವನ್ನು ಕುರಿತು ಮಾಡಿದ ಉಪನ್ಯಾಸವನ್ನು ಕಿಕ್ಕಿರಿದ ಸಭೆಯ ನಡುವೆ ಆಲಿಸಿದ ಮೇಲೆ ಅವರ ಮನಸ್ಸು ದೃಢವಾಯಿತು. ಉಚಿತ ಗ್ರಂಥಾಲಯ, ಉಚಿತ ಕಾಲೇಜು, ಒಬ್ಬ ಒಳ್ಳೆಯ ಉಪಾಧ್ಯಾಯ, ಒಂದು ಒಳ್ಳೆಯ ಪುಸ್ತಕ, ಒಂದು ಉಪನ್ಯಾಸ. ಈ ಐದರಲ್ಲಿ ಯಾವುದೊಂದೂ ಆಕೆಯ ಮನೆಯವರು ಹಣ ಕೊಟ್ಟು ಕೊಂಡುದಲ್ಲ. ಎಲ್ಲವೂ ಸಮಾಜ ಮೊದಲೇ ಕಟ್ಟಿ ಇರಿಸಿದ್ದವು. ಪ್ರತಿಭೆಯು ತಾನಾಗಿಯೇ ಅರಳುತ್ತದೆ ಎನ್ನುವವರು ಈ ಪಟ್ಟಿಯನ್ನು ಒಮ್ಮೆ ಓದಿಕೊಳ್ಳುವುದು ಲೇಸು.

ಪದವಿಯ ಹೊತ್ತಿಗೆ ಬಾಗಿಲುಗಳು ಮುಚ್ಚತೊಡಗಿದುವು. ಪ್ರಾಥಮಿಕ ಶಾಲೆಯ ಉಪಾಧ್ಯಾಯಿನಿಯಾಗುವುದೇ ಕ್ಷೇಮವೆಂದು ಮನೆಯವರ ಎಣಿಕೆ. ಉನ್ನತ ವ್ಯಾಸಂಗಕ್ಕೆ ಅರ್ಜಿ ಕಳುಹಿಸಿದಾಗ ಒಂದು ವಿಶ್ವವಿದ್ಯಾನಿಲಯವು ಆಕೆಯ ಅಧ್ಯಾಪಕರಿಗೆ ಉತ್ತರ ಬರೆಯಿತು: ಹುಡುಗಿ ನ್ಯೂಯಾರ್ಕಿನವಳು, ಯಹೂದಿ, ಮೇಲಾಗಿ ಹೆಣ್ಣು, ಮುಂದೆ ಉದ್ಯೋಗ ದೊರಕಿಸುವ ಭರವಸೆಯನ್ನು ನೀವು ಕೊಟ್ಟರೆ ಸೇರಿಸಿಕೊಳ್ಳುತ್ತೇವೆ ಎಂಬುದು ಅದರ ಸಾರಾಂಶ. ಊರು, ಮತ, ಲಿಂಗ ಎಂಬ ಮೂರು ಕೋಲುಗಳಿಂದ ಅಳೆದದ್ದಾಯಿತು. ಬುದ್ಧಿಯನ್ನು ಅಳೆಯುವ ಗೊಡವೆಗೆ ಯಾರೂ ಹೋಗಲಿಲ್ಲ. ಶೀಘ್ರಲಿಪಿಯನ್ನು ಕಲಿತು, ಜೀವರಸಾಯನ ವಿಜ್ಞಾನಿಯೊಬ್ಬರ ಬಳಿ ಕಾರ್ಯದರ್ಶಿಯಾಗಿ ಕೆಲಸಮಾಡುತ್ತ, ಆ ನೆಪದಲ್ಲಾದರೂ ವಿಶ್ವವಿದ್ಯಾನಿಲಯದ ಹಿಂಬಾಗಿಲನ್ನು ಹೊಗೋಣವೆಂದು ಆಕೆ ಯತ್ನಿಸಿದರು. ಅಷ್ಟರಲ್ಲಿ ಇಲಿನಾಯ್ ವಿಶ್ವವಿದ್ಯಾನಿಲಯದಿಂದ ಭೌತಶಾಸ್ತ್ರದಲ್ಲಿ ಸಹಾಯಕ ಬೋಧಕಿಯ ಸ್ಥಾನಕ್ಕೆ ಕರೆ ಬಂದಿತು. ಶೀಘ್ರಲಿಪಿಯ ಪುಸ್ತಕಗಳನ್ನು ಹರಿದೆಸೆದು 1941ರ ಸೆಪ್ಟೆಂಬರಿನಲ್ಲಿ ಆಕೆ ಅಲ್ಲಿಗೆ ಹೊರಟರು.

ಈ ಕರೆ ಬಂದುದಾದರೂ ಹೇಗೆ? ಎರಡನೆಯ ಮಹಾಯುದ್ಧದ ನೆರಳಿನಲ್ಲಿ ತರುಣರು ಸೇನೆಗೆ ಸೇರತೊಡಗಿದ್ದರು. ವಿದ್ಯಾಲಯಗಳಲ್ಲಿ ಸ್ಥಾನಗಳು ತೆರವಾಗುತ್ತಿದ್ದುವು. ತಮಗೆ ದೊರೆತ ಅವಕಾಶಕ್ಕೆ ಇದೇ ಕಾರಣವೆಂದು ಯಾಲೋ ಅವರು ಮುಂದೆ ಮುಚ್ಚುಮರೆಯಿಲ್ಲದೆ ಹೇಳಿದ್ದಾರೆ. ನಾನೂರು ಮಂದಿ ಅಧ್ಯಾಪಕರ ಅಲ್ಲಿನ ಎಂಜಿನಿಯರಿಂಗ್ ಕಾಲೇಜಿನಲ್ಲಿ ಆಕೆ ಒಬ್ಬರೇ ಮಹಿಳೆ. 1917ರ ಅನಂತರ ಅಲ್ಲಿ ಕಾಲಿಟ್ಟ ಮೊದಲ ಹೆಣ್ಣು. ಮೊದಲ ಅರ್ಧವರ್ಷದ ಪರೀಕ್ಷೆಯಲ್ಲಿ ಎಲ್ಲದರಲ್ಲಿಯೂ ಉತ್ತಮ ಶ್ರೇಣಿ ಬಂದು, ಬೆಳಕಿನ ಶಾಸ್ತ್ರದ ಪ್ರಯೋಗಭಾಗದಲ್ಲಿ ಮಾತ್ರ ಕೂದಲೆಳೆಯಷ್ಟು ಕಡಮೆಯಾಯಿತು. ಹೆಂಗಸರಿಗೆ ಪ್ರಯೋಗಶಾಲೆಯ ಕೆಲಸ ಒಗ್ಗದೆಂಬುದಕ್ಕೆ ಇದೇ ಸಾಕ್ಷಿಯೆಂದು ವಿಭಾಗದ ಮುಖ್ಯಸ್ಥರು ಉದ್ಗರಿಸಿದರು! ತರ್ಕಶಾಸ್ತ್ರದಲ್ಲಿ ಇಂಥದಕ್ಕೆ ಹೇತ್ವಾಭಾಸವೆಂದು ಹೆಸರು. ಸಿದ್ಧಾಂತ ಮೊದಲೇ ಮನಸ್ಸಿನಲ್ಲಿ ಕುಳಿತಿದೆ. ಅದಕ್ಕೊಂದು ಹೇತು ಬೇಕಾಗಿದೆ. ಅಂಕಪಟ್ಟಿಯಲ್ಲಿ ಮೊದಲು ಸಿಕ್ಕಿದ್ದೇ ಹೇತುವಾಯಿತು. ಪರಮಾಣು ಭೌತಶಾಸ್ತ್ರದಲ್ಲಿ ಸಂಶೋಧನೆ ನಡೆಸಿ 1945ರಲ್ಲಿ ಆಕೆ ಡಾಕ್ಟರೇಟ್ ಪದವಿಯನ್ನು ಪಡೆದುದು ಆ ಹೇತುವಿಗೆ ತಕ್ಕ ಉತ್ತರ.

ಪದವಿಯ ಬಳಿಕ ನ್ಯೂಯಾರ್ಕಿಗೆ ಹಿಂದಿರುಗಿ, ಓದಿದ ಕಾಲೇಜಿನಲ್ಲಿಯೇ ಬೋಧಿಸುತ್ತ, 1947ರ ಡಿಸೆಂಬರಿನಲ್ಲಿ ಬ್ರಾಂಕ್ಸ್ ಬಡಾವಣೆಯಲ್ಲಿದ್ದ ನಿವೃತ್ತ ಸೈನಿಕರ ಸರ್ಕಾರಿ ಆಸ್ಪತ್ರೆಯನ್ನು ಸೇರಿದರು. ವಿಕಿರಣಶೀಲ ದ್ರವ್ಯಗಳನ್ನು ಚಿಕಿತ್ಸೆಗೆ ಬಳಸುವ ವಿಭಾಗವೊಂದನ್ನು ಕಟ್ಟುವುದು ಉದ್ದೇಶ. ದೊರೆತ ಸ್ಥಳ ಯಾವುದು? ಜಾಡಮಾಲಿಯು ಪೊರಕೆ ಬಕೀಟುಗಳನ್ನಿಡುತ್ತಿದ್ದ ಒಂದು ಕಿರುಕೋಣೆ. ಅದನ್ನೇ ಪ್ರಯೋಗಶಾಲೆಯನ್ನಾಗಿ ಮಾಡಿಕೊಂಡರು. ಬೇಕಾದ ಉಪಕರಣಗಳಲ್ಲಿ ಅನೇಕವನ್ನು ಸ್ವಂತ ಕೈಯಿಂದ ಯೋಜಿಸಿ ಕಟ್ಟಿದರು. 1950ರಲ್ಲಿ ಸೊಲೊಮನ್ ಬರ್ಸನ್ ಎಂಬ ತರುಣ ವೈದ್ಯರು ಅಲ್ಲಿಗೆ ಬಂದರು. ಯಾಲೋ ಅವರು ವೈದ್ಯಶಾಸ್ತ್ರವನ್ನು ಓದಿದವರಲ್ಲ. ಬರ್ಸನ್ ಅವರು ಭೌತಶಾಸ್ತ್ರದಲ್ಲಿ ಪಳಗಿದವರಲ್ಲ. ಒಬ್ಬರಿಗೊಬ್ಬರು ಗುರುವೂ ಶಿಷ್ಯರೂ ಆದರು. ಇಪ್ಪತ್ತೆರಡು ವರ್ಷಗಳ ಕಾಲ ನಡೆದ ಆ ವಿದ್ಯಾಸಖ್ಯ ವಿಜ್ಞಾನದ ಇತಿಹಾಸದಲ್ಲಿ ವಿರಳವಾದುದು. ಈ ಅವಧಿಯಲ್ಲಿಯೇ ಯಾಲೋ ಅವರು ಇಬ್ಬರು ಮಕ್ಕಳ ತಾಯಿಯಾಗಿ ಸಂಸಾರವನ್ನೂ ನಿರ್ವಹಿಸಿದರು.

ಅವರ ಮುಂದಿದ್ದ ಪ್ರಶ್ನೆ ಇದು. ಮಧ್ಯವಯಸ್ಸಿನಲ್ಲಿ ಬರುವ ಮಧುಮೇಹಕ್ಕೆ ಕಾರಣ, ದೇಹವು ಇನ್ಸುಲಿನ್ನನ್ನು ಅತಿ ಶೀಘ್ರವಾಗಿ ನಾಶಪಡಿಸುವುದೇ ಇರಬಹುದೆಂದು ಮಿರ್ಸ್ಕಿ ಎಂಬ ವಿದ್ವಾಂಸರು ಊಹಿಸಿದ್ದರು. ಇದನ್ನು ಪರೀಕ್ಷಿಸಲು ವಿಕಿರಣಶೀಲ ಅಯೊಡಿನ್ನಿನಿಂದ ಗುರುತಿಟ್ಟ ಇನ್ಸುಲಿನ್ನನ್ನು ರಕ್ತಕ್ಕೆ ಸೇರಿಸಿ, ಅದು ಎಷ್ಟು ಬೇಗ ಮಾಯವಾಗುತ್ತದೆಂದು ಇಬ್ಬರೂ ಲೆಕ್ಕಹಾಕಿದರು. ಫಲಿತಾಂಶ ಊಹೆಗೆ ವಿರುದ್ಧವಾಗಿ ಬಂದಿತು. ಅದುವರೆಗೆ ಇನ್ಸುಲಿನ್ ಚುಚ್ಚಿಸಿಕೊಂಡವರ ರಕ್ತದಲ್ಲಿ ಅದು ಬೇಗ ಕರಗುವ ಬದಲು, ನಿಧಾನವಾಗಿ ಕರಗುತ್ತಿತ್ತು. ಏನೋ ಒಂದು ವಸ್ತು ಅದನ್ನು ಹಿಡಿದಿಟ್ಟುಕೊಳ್ಳುತ್ತಿದೆ. ಪ್ರಾಣಿಗಳಿಂದ ತೆಗೆದ ಇನ್ಸುಲಿನ್ನಿಗೆ ಇದಿರಾಗಿ ಮಾನವದೇಹವು ಪ್ರತಿಕಾಯಗಳನ್ನು ಸೃಷ್ಟಿಸಿದೆ ಎಂದು ಅವರು ನಿರ್ಣಯಿಸಿದರು.

ಆ ಕಾಲದ ಪಂಡಿತರಿಗೆ ಇದು ಸಮ್ಮತವಾಗಲಿಲ್ಲ. ಇನ್ಸುಲಿನ್ನಿನಷ್ಟು ಕಿರಿದಾದ ಅಣುವಿನ ಇದಿರು ಪ್ರತಿಕಾಯ ಹುಟ್ಟದೆಂಬುದು ಅಂದಿನ ಸ್ಥಾಪಿತ ಮತ. 1955ರಲ್ಲಿ ಒಂದು ಪ್ರಸಿದ್ಧ ಪತ್ರಿಕೆ ಲೇಖನವನ್ನು ತಿರಸ್ಕರಿಸಿತು. ಇನ್ನೊಂದು ಪತ್ರಿಕೆಯೂ ಮೊದಲು ತಿರಸ್ಕರಿಸಿ, ಶೀರ್ಷಿಕೆಯಿಂದ ಪ್ರತಿಕಾಯವೆಂಬ ಶಬ್ದವನ್ನು ತೆಗೆದುಹಾಕಿದ ಮೇಲೆ 1956ರಲ್ಲಿ ಪ್ರಕಟಿಸಿತು. ಶಬ್ದವನ್ನು ಬಿಟ್ಟುಕೊಟ್ಟರು, ಅರ್ಥವನ್ನು ಬಿಡಲಿಲ್ಲ. ಇನ್ಸುಲಿನ್ನನ್ನು ಕಟ್ಟಿಕೊಳ್ಳುವ ಗ್ಲಾಬ್ಯುಲಿನ್ ಎಂದು ಹೆಸರು ಬದಲಾದರೂ ಒಳಗಿನ ಪ್ರಮಾಣಗಳೆಲ್ಲ ಇದ್ದಂತೆಯೇ ಉಳಿದುವು. ಪೂರ್ವಪಕ್ಷವನ್ನು ನ್ಯಾಯವಾಗಿ ಎತ್ತಿ ಹೇಳದೆ ಸಿದ್ಧಾಂತವನ್ನು ಸಾಧಿಸಲಾಗದು ಎಂಬುದು ಶಾಸ್ತ್ರಪಾಠದ ಮೊದಲ ನಿಯಮ. ಪೂರ್ವಪಕ್ಷಿಯ ಹಿರಿತನಕ್ಕೆ ಅಂಜಿ ಪ್ರತ್ಯಕ್ಷವನ್ನು ಕೈಬಿಡಬಾರದೆಂಬುದು ಅದರ ಜೊತೆಯ ನಿಯಮ. ಇವೆರಡನ್ನೂ ಅವರು ಪಾಲಿಸಿದರು. ಆ ತಿರಸ್ಕಾರದ ಪತ್ರವನ್ನು ಯಾಲೋ ಅವರು ಜೋಪಾನವಾಗಿ ಇರಿಸಿಕೊಂಡಿದ್ದು, ಇಪ್ಪತ್ತೆರಡು ವರ್ಷಗಳ ಮೇಲೆ ತಮ್ಮ ನೊಬೆಲ್ ಉಪನ್ಯಾಸದಲ್ಲಿ ಅದನ್ನು ಲೋಕದ ಮುಂದಿಟ್ಟರು.

ತಿರಸ್ಕೃತವಾದ ಆ ಸತ್ಯದಿಂದಲೇ ಹೊಸ ಅಳತೆ ಹುಟ್ಟಿತು. ಅದರ ತತ್ತ್ವವನ್ನು ಪ್ರಸಾದ ನಿಲಯದ ಪಂಕ್ತಿಯ ದೃಷ್ಟಾಂತದಿಂದ ತಿಳಿಯಬಹುದು. ಪಂಕ್ತಿಯಲ್ಲಿ ಹಾಕಿರುವ ಎಲೆಗಳು ನೂರು ಮಾತ್ರ. ಕೊರಳಲ್ಲಿ ಗುರುತಿನ ಚೀಟಿಯುಳ್ಳ ವಿದ್ಯಾರ್ಥಿಗಳು ನಿಲಯದಲ್ಲಿ ನೂರು ಮಂದಿ. ಅಂದು ಎಷ್ಟೆಂದು ತಿಳಿಯದ ಅತಿಥಿಗಳು ಚೀಟಿಯಿಲ್ಲದೆ ಬಂದು ಅವರೊಡನೆ ನುಗ್ಗಿದ್ದಾರೆ. ಎಲ್ಲರಿಗೂ ಕುಳಿತುಕೊಳ್ಳುವ ಅವಕಾಶ ಸಮ. ಆಗ ಅತಿಥಿಗಳನ್ನು ಎಣಿಸಬೇಕಾಗಿಯೇ ಇಲ್ಲ. ಕುಳಿತವರಲ್ಲಿ ಚೀಟಿಯುಳ್ಳವರು ಎಷ್ಟೆಂದು ನೋಡಿದರೆ ಸಾಕು. ಅವರು ಐವತ್ತೇ ಇದ್ದರೆ ಅತಿಥಿಗಳೂ ನೂರರ ಆಸುಪಾಸಿನಲ್ಲಿ ಬಂದಿದ್ದಾರೆಂದು ಗೊತ್ತಾಗುತ್ತದೆ. ಇಲ್ಲಿ ಎಲೆಗಳೆಂದರೆ ಪ್ರತಿಕಾಯಗಳು. ಚೀಟಿಯುಳ್ಳವರು ವಿಕಿರಣದ ಗುರುತುಳ್ಳ ಇನ್ಸುಲಿನ್ ಕಣಗಳು. ಅತಿಥಿಗಳು ರೋಗಿಯ ರಕ್ತದಲ್ಲಿರುವ ಇನ್ಸುಲಿನ್ ಕಣಗಳು. ರಕ್ತದಲ್ಲಿ ಇನ್ಸುಲಿನ್ ಹೆಚ್ಚಿದಷ್ಟೂ ಗುರುತಿನ ಕಣಗಳಿಗೆ ಸ್ಥಳ ಕಡಮೆ. ಮೊತ್ತ ತಿಳಿದ ಮಾದರಿಗಳೊಡನೆ ಹೋಲಿಸಿದರೆ ಅಳತೆ ಸಿದ್ಧ. ಗಿನಿಯಿಲಿಗಳಲ್ಲಿ ಬೆಳೆಸಿದ ಪ್ರತಿಕಾಯಗಳ ನೆರವಿನಿಂದ ಮನುಷ್ಯರಕ್ತದ ಇನ್ಸುಲಿನ್ನನ್ನು ಹೀಗೆ ಅಳೆದುದು 1959ರಲ್ಲಿ. ಸವಿಸ್ತರ ನಿರೂಪಣೆ ಬಂದುದು 1960ರಲ್ಲಿ. ರೇಡಿಯೋ ಇಮ್ಯುನೋ ಅಸ್ಸೇ ಎಂಬುದು ಇದರ ಹೆಸರು.

ಈ ಅಳತೆ ಮೊದಲು ಬೆಳಗಿದುದು ಮಧುಮೇಹವನ್ನೇ. ವಯಸ್ಕರ ಮಧುಮೇಹದಲ್ಲಿ ಇನ್ಸುಲಿನ್ ಇಲ್ಲವೆಂದು ಭಾವಿಸಿದ್ದ ಲೋಕಕ್ಕೆ, ಅಂಥ ಅನೇಕ ರೋಗಿಗಳ ರಕ್ತದಲ್ಲಿ ಇನ್ಸುಲಿನ್ ಇರುವುದಲ್ಲದೆ ಕೆಲವೊಮ್ಮೆ ಆರೋಗ್ಯವಂತರಿಗಿಂತ ಅಧಿಕವೂ ಇದೆಯೆಂದು ತಿಳಿದುಬಂದಿತು. ಇನ್ಸುಲಿನ್ ಇದ್ದೂ ದೇಹದ ಧಾತುಗಳು ಅದರ ಮಾತನ್ನು ಕೇಳುತ್ತಿಲ್ಲ. ಸ್ಥೂಲ, ಕೃಶ ಎಂದು ಪ್ರಾಚೀನರು ಹೊರಗಣ್ಣಿನಿಂದ ಕಂಡ ಭೇದಕ್ಕೆ ಒಳಗಿನ ಕಾರಣವೊಂದು ಅಂಕಿಗಳಲ್ಲಿ ಕಾಣಿಸಿಕೊಂಡಿತು. ಬಳಿಕ ಈ ವಿಧಾನ ಮಧುಮೇಹದ ಎಲ್ಲೆಯನ್ನು ದಾಟಿ ಹರಡಿತು. ದಾನದ ರಕ್ತದಲ್ಲಿ ಕಾಮಾಲೆಯ ವಿಷಾಣುವನ್ನು ಪತ್ತೆಹಚ್ಚುವುದಕ್ಕೂ, ಬೆಳವಣಿಗೆ ಕುಂಠಿತವಾದ ಮಕ್ಕಳ ಹಾರ್ಮೋನನ್ನು ಅರಿಯುವುದಕ್ಕೂ ನೆರವಾಯಿತು. ಥೈರಾಯ್ಡ್ ಗ್ರಂಥಿಯ ಕೊರತೆಯಿಂದ ಬುದ್ಧಿಮಾಂದ್ಯಕ್ಕೆ ಗುರಿಯಾಗಬಹುದಾದ ನವಜಾತ ಶಿಶುಗಳನ್ನು, ಒಣಗಿದ ರಕ್ತದ ಒಂದು ಬೊಟ್ಟಿನಿಂದ ಗುರುತಿಸಿ ಕಾಪಾಡುವ ಕಾರ್ಯ 1970ರ ದಶಕದಲ್ಲಿ ಕೆನಡದ ಕ್ವೆಬೆಕ್ ಪ್ರಾಂತದಲ್ಲಿ ಈ ವಿಧಾನದಿಂದಲೇ ಮೊದಲಾಯಿತು. ಇಂದು ಅನೇಕ ಪ್ರಯೋಗಶಾಲೆಗಳಲ್ಲಿ ವಿಕಿರಣದ ಗುರುತಿಗೆ ಬದಲಾಗಿ ಬೆಳಕು ಸೂಸುವ ಗುರುತುಗಳು ಬಳಕೆಗೆ ಬಂದಿವೆ. ಪ್ರತಿಕಾಯವನ್ನೇ ಅಳತೆಗೋಲಾಗಿ ಹಿಡಿಯುವ ಮೂಲತತ್ತ್ವ ಉಳಿದು ಬಂದಿದೆ.

ಇಂಥ ಆವಿಷ್ಕಾರಕ್ಕೆ ಸ್ವಾಮ್ಯಪತ್ರವನ್ನು ಪಡೆದಿದ್ದರೆ ಇಬ್ಬರೂ ಕೋಟ್ಯಧಿಪತಿಗಳಾಗುತ್ತಿದ್ದರೆಂಬುದರಲ್ಲಿ ಸಂದೇಹವಿಲ್ಲ. ಅವರು ಪಡೆಯಲಿಲ್ಲ. ಕಲಿಯಲು ಬಂದವರಿಗೆಲ್ಲ ವಿಧಾನವನ್ನು ಕಲಿಸಿ ಕಳುಹಿಸಿದರು. ಈ ತ್ಯಾಗವನ್ನು ಕೊಂಡಾಡುವುದು ಸುಲಭ. ಆದರೆ ಕೊಂಡಾಟದಲ್ಲಿಯೇ ನಿಂತುಬಿಟ್ಟರೆ ವಿವೇಕವಾಗದು. 1923ರಲ್ಲಿ ಬ್ಯಾಂಟಿಂಗ್, ಬೆಸ್ಟ್, ಕಾಲಿಪ್ ಈ ಮೂವರೂ ಇನ್ಸುಲಿನ್ನಿನ ಸ್ವಾಮ್ಯವನ್ನು ತಲಾ ಒಂದೇ ಡಾಲರಿಗೆ ಟೊರಾಂಟೊ ವಿಶ್ವವಿದ್ಯಾನಿಲಯಕ್ಕೆ ಒಪ್ಪಿಸಿದ್ದರು. ಆದರೂ ಒಂದು ಶತಮಾನ ಕಳೆಯುವ ಹೊತ್ತಿಗೆ ಐಶ್ವರ್ಯದ ಬೀಡಾದ ಅಮೆರಿಕದಲ್ಲಿಯೇ ಇನ್ಸುಲಿನ್ ಬೆಲೆ ಬಡವರ ಕೈಗೆ ಎಟುಕದಂತಾಗಿ, ವೃದ್ಧರ ಸರ್ಕಾರಿ ಆರೋಗ್ಯವಿಮೆಯಲ್ಲಿ ತಿಂಗಳಿಗೆ ಮೂವತ್ತೈದು ಡಾಲರಿಗೆ ಮೀರದಂತೆ 2022ರಲ್ಲಿ ಕಾನೂನನ್ನೇ ಮಾಡಬೇಕಾಯಿತು. ಜ್ಞಾನವನ್ನು ದಾನವಾಗಿ ಕೊಟ್ಟವರ ಕರ್ತವ್ಯ ಅಲ್ಲಿಗೆ ಮುಗಿಯಿತು. ಅದನ್ನು ದಾನವಾಗಿಯೇ ಉಳಿಸಿಕೊಳ್ಳುವ ಹೊಣೆ ಪಡೆದ ಸಮಾಜದ್ದು. ಕೆರೆಯನ್ನು ಕಟ್ಟಿಸಿದವನು ಪುಣ್ಯವಂತನೆಂಬುದು ನಿಜ. ಹೂಳೆತ್ತುವವರಿಲ್ಲದೆ ಹೋದರೆ ಆ ಪುಣ್ಯದಿಂದ ಗದ್ದೆ ತೊಯ್ಯುವುದಿಲ್ಲ. ಸಂಸ್ಥೆಗಳಿಗೆ ದಾನ ನೀಡುವ ಮಹನೀಯರು ಚಿಂತಿಸತಕ್ಕ ಸಂಗತಿಯಿದು.

ಬರ್ಸನ್ ಅವರು 1972ರ ಏಪ್ರಿಲಿನಲ್ಲಿ ಐವತ್ತಮೂರರ ವಯಸ್ಸಿನಲ್ಲಿ ಹಠಾತ್ತನೆ ತೀರಿಕೊಂಡರು. ವೈದ್ಯಪದವಿಯಿಲ್ಲದ ಮಹಿಳೆ ಇನ್ನು ಒಬ್ಬಂಟಿಯಾಗಿ ಏನು ಸಾಧಿಸಿಯಾಳು ಎಂದವರಿದ್ದರು. ಯಾಲೋ ಅವರು ತಮ್ಮ ಪ್ರಯೋಗಶಾಲೆಗೆ ಬರ್ಸನ್ ಅವರ ಹೆಸರನ್ನಿಡಿಸಿದರು. ಅಲ್ಲಿಂದ ಹೊರಡುವ ಪ್ರತಿಯೊಂದು ಲೇಖನದ ಮೇಲೂ ಅಗಲಿದ ಸಖನ ಹೆಸರು ಇರಲೆಂಬುದೇ ಉದ್ದೇಶ. 1976ರಲ್ಲಿ ಲಾಸ್ಕರ್ ಪ್ರಶಸ್ತಿಯೂ 1977ರಲ್ಲಿ ನೊಬೆಲ್ ಪಾರಿತೋಷಕದ ಅರ್ಧಭಾಗವೂ ಅವರಿಗೆ ಬಂದುವು. ಉಳಿದರ್ಧ ಗಿಲ್ಲೆಮಿನ್ ಮತ್ತು ಶಾಲಿ ಎಂಬ ವಿಜ್ಞಾನಿಗಳದಾಯಿತು. ಅಳಿದವರಿಗೆ ನೊಬೆಲ್ ಕೊಡುವ ಪದ್ಧತಿಯಿಲ್ಲವಾದುದರಿಂದ ಬರ್ಸನ್ ಅವರಿಗೆ ಆ ಮನ್ನಣೆ ಸಲ್ಲಲಿಲ್ಲ. ವೈದ್ಯಶಾಸ್ತ್ರದಲ್ಲಿ ಯಾಲೋ ಅವರಿಗಿಂತ ಮೊದಲು ನೊಬೆಲ್ ಪಡೆದ ಏಕೈಕ ಮಹಿಳೆ ಗೆರ್ಟಿ ಕೋರಿ. ದೇಹದಲ್ಲಿ ಸಕ್ಕರೆಯ ಪರಿಣಾಮಕ್ರಮವನ್ನು ಶೋಧಿಸಿದ ಆಕೆ ಬಹುಕಾಲ ಕೆಳದರ್ಜೆಯ ಹುದ್ದೆಯಲ್ಲಿ ದುಡಿದು, ಪಾರಿತೋಷಕ ಬಂದ 1947ರಲ್ಲಿಯೇ ಪ್ರಾಧ್ಯಾಪಕಿಯಾದದ್ದು ಗಮನಾರ್ಹ. ಸ್ಟಾಕ್‌ಹೋಮಿನ ಸಮಾರಂಭದಲ್ಲಿ ಯಾಲೋ ಅವರು ವಿದ್ಯಾರ್ಥಿಗಳನ್ನು ಉದ್ದೇಶಿಸಿ, ಜನಸಂಖ್ಯೆಯ ಅರ್ಧದಷ್ಟಿರುವವರ ಪ್ರತಿಭೆಯನ್ನು ಕಳೆದುಕೊಂಡು ಲೋಕವು ತನ್ನ ಸಮಸ್ಯೆಗಳನ್ನು ಬಿಡಿಸಿಕೊಳ್ಳಲಾರದೆಂದು ಎಚ್ಚರಿಸಿದರು. 2011ರ ಮೇ 30ರಂದು ತೊಂಬತ್ತರ ಸಮೀಪದಲ್ಲಿ ಅವರು ಬ್ರಾಂಕ್ಸ್‌ನಲ್ಲಿಯೇ ಕಾಲವಶರಾದರು.

ಈ ಚರಿತ್ರೆ ಕನ್ನಡ ನಾಡಿನ ವಿದ್ಯಾಸಂಸ್ಥೆಗಳಿಗೆ ಏಕೆ ಬೇಕು? ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಮಧುಮೇಹಿಗಳು ಸುಮಾರು 10 ಕೋಟಿ 10 ಲಕ್ಷ; ರೋಗದ ಹೊಸ್ತಿಲಲ್ಲಿ ನಿಂತವರು 13 ಕೋಟಿ 60 ಲಕ್ಷ. ಇಷ್ಟು ಜನರ ನೋವಿಗೆ ಉತ್ತರವನ್ನು ಹೊರದೇಶದಿಂದಲೇ ನಿರೀಕ್ಷಿಸುತ್ತ ಕೂರುವುದು ತಕ್ಕುದಲ್ಲ. ಈ ನೆಲದ ಪ್ರಶ್ನೆಗಳನ್ನು ಕೇಳಬಲ್ಲ ಮಕ್ಕಳು ಈ ನೆಲದ ಪ್ರೌಢಶಾಲೆಗಳ ಬೆಂಚುಗಳ ಮೇಲೆಯೇ ಕುಳಿತಿದ್ದಾರೆ. ಅವರನ್ನು ಗುರುತಿಸುವ ಕೋಲು ನೆಟ್ಟಗಿದೆಯೇ ಎಂಬುದೇ ಪ್ರಶ್ನೆ.

ಅನೇಕ ಶಾಲೆಗಳಲ್ಲಿ ವಿಜ್ಞಾನದ ಉಪಕರಣಗಳು ಗಾಜಿನ ಕಪಾಟಿನೊಳಗೆ ಬೀಗದಲ್ಲಿ ಭದ್ರವಾಗಿರುತ್ತವೆ. ತನಿಖಾಧಿಕಾರಿಗಳು ಬಂದ ದಿನ ಹೊರಗೆ ಬಂದು ಮರುದಿನ ಒಳಸೇರುತ್ತವೆ. ಪ್ರಯೋಗವನ್ನು ಮಾಡದೆಯೇ ಅದರ ಫಲಿತಾಂಶವನ್ನು ಬಾಯಿಪಾಠ ಮಾಡಿದ ವಿದ್ಯಾರ್ಥಿಗೆ ಪೂರ್ಣಾಂಕ ದೊರೆಯುತ್ತದೆ. ಪ್ರಯೋಗ ಮಾಡಿ, ಪುಸ್ತಕದಲ್ಲಿದ್ದಂತೆ ಉತ್ತರ ಬಾರದೆ, ಏಕೆ ಬರಲಿಲ್ಲವೆಂದು ಕೇಳಿದವನಿಗೆ ಅಂಕ ಕಡಿತವಾಗುತ್ತದೆ. ಯಾಲೋ ಮತ್ತು ಬರ್ಸನ್ ಅವರ ಇಡೀ ಸಾಧನೆ, ಊಹಿಸಿದಂತೆ ಬಾರದ ಒಂದು ಉತ್ತರದಿಂದ ಹುಟ್ಟಿದುದಲ್ಲವೆ? ಕಪಾಟಿನಲ್ಲಿ ಭದ್ರವಾಗಿರುವ ನೂರು ಉಪಕರಣಗಳಿಗಿಂತ ಮಕ್ಕಳ ಕೈಯಲ್ಲಿ ಒಡೆದುಹೋದ ಒಂದು ಗಾಜಿನ ನಳಿಗೆ ವಿದ್ಯೆಗೆ ಹತ್ತಿರ.

ಎರಡನೆಯ ಸಂಗತಿ ಹೆಣ್ಣುಮಕ್ಕಳದು. ಪ್ರೌಢಶಾಲೆಯಲ್ಲಿ ವಿಜ್ಞಾನದಲ್ಲಿ ಮುಂದಿದ್ದ ಹುಡುಗಿ ಹೆಚ್ಚಿನ ಓದಿಗೆ ಪಟ್ಟಣಕ್ಕೆ ಹೋಗಬೇಕಾದಾಗ ಮನೆಯಲ್ಲಿ ಎದ್ದೇಳುವ ಆಕ್ಷೇಪಗಳು ಉಪಾಧ್ಯಾಯರಿಗೆ ತಿಳಿಯದವಲ್ಲ. ದೂರವೆಂಬುದೊಂದು, ಖರ್ಚೆಂಬುದೊಂದು, ಮದುವೆಯೆಂಬುದು ಮತ್ತೊಂದು. ತಂದೆತಾಯಿಗಳನ್ನು ದೂರಿ ಪ್ರಯೋಜನವಿಲ್ಲ. ಅವರ ಕಷ್ಟ ನಿಜವಾದುದು. ಆ ಕಷ್ಟವನ್ನು ಹಗುರಮಾಡುವ ವಸತಿ, ವಿದ್ಯಾರ್ಥಿವೇತನ ಮತ್ತು ಧೈರ್ಯದ ಮಾತು ಸಂಸ್ಥೆಯಿಂದ ಬರಬೇಕು. ಯಾಲೋ ಅವರಿಗೆ ಬಾಗಿಲು ತೆರೆದದ್ದು ಮಹಾಯುದ್ಧ. ಒಂದು ಹೆಣ್ಣುಮಗಳ ಬುದ್ಧಿಗೆ ದಾರಿಯಾಗಬೇಕಾದರೆ ಲೋಕದಲ್ಲಿ ಯುದ್ಧವೇ ನಡೆಯಬೇಕೆಂಬ ಸ್ಥಿತಿ ಯಾವ ಸಮಾಜಕ್ಕೂ ಭೂಷಣವಲ್ಲ. ಯುದ್ಧ ಆಕಸ್ಮಿಕವಾಗಿ ಮಾಡಿದುದನ್ನು ವಿದ್ಯಾಸಂಸ್ಥೆ ಬುದ್ಧಿಪೂರ್ವಕವಾಗಿ ಮಾಡಬೇಕು.

ಮೂರನೆಯದು ದಾನಿಗಳ ಕುರಿತಾದುದು. ಕಟ್ಟಡಕ್ಕೆ ಕೊಟ್ಟ ದಾನ ಕಲ್ಲಿನ ಮೇಲೆ ಹೆಸರಾಗಿ ನಿಲ್ಲುತ್ತದೆ, ಅದು ಸ್ತುತ್ಯವೇ. ಆದರೆ ಪ್ರತಿವರ್ಷ ಕೊಳ್ಳಬೇಕಾದ ರಾಸಾಯನಿಕಗಳಿಗೆ, ಗ್ರಂಥಾಲಯದ ಹೊಸ ಪುಸ್ತಕಗಳಿಗೆ, ದೂರದೂರಿನ ವಿದ್ವಾಂಸರೊಬ್ಬರನ್ನು ಕರೆಸಿ ಮಕ್ಕಳಿಗೆ ಕೇಳಿಸುವ ಒಂದು ಉಪನ್ಯಾಸಕ್ಕೆ ಕೊಡುವವರು ವಿರಳ. ಪೊರಕೆಯ ಕೋಣೆಯಲ್ಲಿ ನೊಬೆಲ್ ಪಾರಿತೋಷಕದ ಕಾರ್ಯ ನಡೆಯಿತೆಂದು ಹೇಳಿ ಕಟ್ಟಡವೇ ಬೇಡವೆನ್ನುವುದು ಅತಿವಾದವಾದೀತು. ಅಲ್ಲಿ ಕೋಣೆ ಕಿರಿದಾಗಿದ್ದರೂ ದುಡಿಯುವವರಿಗೆ ಸಂಬಳವಿತ್ತು, ದ್ರವ್ಯಗಳ ಪೂರೈಕೆಯಿತ್ತು, ಕೆಲಸಕ್ಕೆ ಅಡ್ಡಬಾರದ ಸ್ವಾತಂತ್ರ್ಯವಿತ್ತು. ಗೋಡೆಗಿಂತ ಮೊದಲು ಒದಗಿಸಬೇಕಾದುವು ಇವು.

ಯಾಲೋ ಅವರಂಥವರು ಪ್ರತಿ ಶಾಲೆಯಿಂದಲೂ ಹೊರಬರುತ್ತಾರೆಂದು ಯಾರೂ ಹೇಳಲಾರರು. ಬಂದಾಗ ಅವರನ್ನು ಊರು, ಕುಲ, ಲಿಂಗಗಳ ಕೋಲಿನಿಂದ ಅಳೆದು ಹಿಂದಕ್ಕೆ ಕಳುಹಿಸದಂತೆ ನೋಡಿಕೊಳ್ಳುವುದು ಮಾತ್ರ ಪ್ರತಿ ಶಾಲೆಗೂ ಸಾಧ್ಯ. ಬರುವ ಶೈಕ್ಷಣಿಕ ವರ್ಷದಲ್ಲಿ ಉಪಾಧ್ಯಾಯರು ಕಪಾಟಿನ ಬೀಗವನ್ನು ತೆರೆಯಲಿ. ಹಳೆಯ ವಿದ್ಯಾರ್ಥಿಗಳು ತಮ್ಮ ತಮ್ಮ ಊರಿನಲ್ಲಿ ಓದು ನಿಲ್ಲಿಸುವ ಅಂಚಿನಲ್ಲಿರುವ ಒಬ್ಬ ಹುಡುಗಿಯ ಮನೆಗೆ ಹೋಗಿ ತಂದೆತಾಯಿಗಳೊಡನೆ ಮಾತನಾಡಲಿ. ದಾನಿಗಳು ಪ್ರಯೋಗಶಾಲೆಯ ವರ್ಷದ ಖರ್ಚನ್ನು ವಹಿಸಿಕೊಳ್ಳಲಿ. ಇಷ್ಟಾದರೆ ಈ ಸಂಸ್ಮರಣ ಸಂಪುಟ ಹೊರಬಂದುದೂ ಸಾರ್ಥಕವಾದೀತು.